ಡಾ. ಚೋಲ್ವೆ ಹಮೂಂಗ ಅವರೂ ಹಸಿರು ಹಿಕ್ಕೆಯ ವಾರವೂ

ದಕ್ಷಿಣ ಜಾಂಬಿಯಾದಲ್ಲಿ ಬ್ರಾಯ್ಲರ್ ಕೋಳಿಯ ಮಾತು ಬಂದಲ್ಲೆಲ್ಲ ಡಾ. ಚೋಲ್ವೆ ಹಮೂಂಗ ಅವರ ಹೆಸರು ಗೌರವದಿಂದಲೂ, ಗಿರಣಿಯವರ ನಡುವೆ ತುಸು ಅಳುಕಿನಿಂದಲೂ ಕೇಳಿಬರುತ್ತದೆ. ಕೋಳಿ ಎಷ್ಟು ತಿಂದಿತೆಂದು ಹೇಳುವವರು ಬೇಕಾದಷ್ಟು ಮಂದಿ. ತಿಂದದ್ದರಲ್ಲಿ ಎಷ್ಟು ಮೈಗೆ ಹತ್ತಿತು, ಎಷ್ಟು ಹಾಗೆಯೇ ಹೊರಬಿತ್ತು ಎಂಬುದನ್ನು ಮೂವತ್ತೊಂದು ವರ್ಷ ಹಿಕ್ಕೆ ಒಣಗಿಸಿ ತೂಗಿ ಹೇಳಿದವರು ಅವರು. ಮದುವೆಮನೆಯಲ್ಲೂ ಮೆಕ್ಕೆಜೋಳದ ಚೀಲಕ್ಕೆ ಕೈಹಾಕಿ ಒಂದು ಕಾಳು ಕಚ್ಚಿ ನೋಡದೆ ನ್ಶಿಮಾ ಮುದ್ದೆಯ ಮುಂದೆ ಕೂತವರಲ್ಲ. ತಂಗಿಯ ಬೀಗರ ಮನೆಯಲ್ಲೇ "ತೇವ ಜಾಸ್ತಿ" ಎಂದು ತೀರ್ಪು ಕೊಟ್ಟು, ಆ ಬೀಗರು ಇವರೊಡನೆ ಮಾತು ಬಿಟ್ಟದ್ದೂ ಉಂಟು.

ಅವರ ಸೇವೆಯ ಹನ್ನೆರಡನೆಯ ವರ್ಷದಲ್ಲಿ ಸುತ್ತಲಿನ ಕೋಳಿ ಸಾಕುವ ಹೆಂಗಸರ ಸಂಘದವರು ನಮ್ಮ ಕೋಳಿ ಸಂಶೋಧನಾ ಕೇಂದ್ರಕ್ಕೆ ಬಂದರು. ಆರು ವಾರ ಸಾಕಿದ ಕೋಳಿ ಪಾರಿವಾಳದಷ್ಟೇ ತೂಗುತ್ತಿತ್ತು. ಮೇವಿನ ಗಿರಣಿಯವರು ಹುಳ ಹಿಡಿದ ಮೆಕ್ಕೆಜೋಳ ಅರೆಯುತ್ತಾರೆಂಬುದು ಅವರ ದೂರು. ಕೋಳಿಗೆ ಹಲ್ಲೇ ಇಲ್ಲ, ಗಟ್ಟಿ ಕಾಳು ಯಾವುದು ಟೊಳ್ಳು ಯಾವುದು ಅಂತ ಅದಕ್ಕೇನು ಗೊತ್ತು ಎಂದು ಗಿರಣಿಯ ಯಜಮಾನರು ನಕ್ಕಿದ್ದರು. ಆದರೂ, ಕಾಗದದ ಮೇಲೆ ತೋರಿಸಿದರೆ ಅಂಥ ಕಾಳು ಅರೆಯುವುದು ಬಿಡುತ್ತೇನೆಂದು ಎಲ್ಲರೆದುರು ಒಪ್ಪಿದ್ದರು.

ಡಾಕ್ಟರಮ್ಮ ಆರು ಗೂಡಿಗೆ ಗಟ್ಟಿ ಕಾಳು, ಆರು ಗೂಡಿಗೆ ಹುಳ ತಿಂದು ಮಿಗಿಸಿದ ಕಾಳು ಹಾಕಿಸಿ, ಎರಡಕ್ಕೂ ಒಂದು ಹಸಿರು ಪುಡಿ ಬೆರೆಸಿದರು. ಆ ಪುಡಿ ಕೋಳಿಗೆ ಜೀರ್ಣವಾಗದು. ಹಿಕ್ಕೆಯಲ್ಲಿ ಅದು ದಟ್ಟವಾದಷ್ಟೂ ಮೇವು ಹೆಚ್ಚು ಅರಗಿದೆಯೆಂದು ಅರ್ಥ. ಇದನ್ನು ಹೇಳದೆ ಬಿಟ್ಟದ್ದು ಒಬ್ಬರಿಗೆ ಮಾತ್ರ: ಶೆಡ್ ನೋಡಿಕೊಳ್ಳಲು ಹೊಸದಾಗಿ ಸೇರಿದ್ದ ಶ್ರೀ ಹಬೆಂಜು ಅವರಿಗೆ.

ನಾಲ್ಕು ಮಕ್ಕಳ ತಂದೆಯಾದ ಹಬೆಂಜು ನಾಟಿ ಕೋಳಿಗಳ ನಡುವೆಯೇ ಬೆಳೆದವರು. ಹಸಿರು ಹಿಕ್ಕೆ ಕಂಡೊಡನೆ ಅದು ಕೊಕ್ಕರೆ ರೋಗದ ಗುರುತೆಂದೇ ಬಗೆದರು. ಕೊಕ್ಕರೆ ರೋಗವೆಂದರೆ ಮೂರು ದಿನದಲ್ಲಿ ಶೆಡ್ ಖಾಲಿ, ಜೊತೆಗೆ ತಮ್ಮ ಕೆಲಸವೂ ಖಾಲಿ. ಯಾರಿಗೂ ಹೇಳದೆ ಲೋಳೆಸರವನ್ನೂ ಸೂಜಿಮೆಣಸನ್ನೂ ಜಜ್ಜಿ ನೀರಿಗೆ ಹಾಕಿದರು. ಸೊರಗಿದವು ಮೊದಲು ಬದುಕಲಿ ಎಂಬ ಕರುಣೆಯಿಂದ ಹುಳ ತಿಂದ ಕಾಳಿನ ಆರು ಗೂಡಿಗೆ ಮಾತ್ರ.

ಫಲಿತಾಂಶ ಬಂದ ದಿನ ಅಂಗಳದಲ್ಲಿ ಹೆಂಗಸರ ಹರ್ಷದ ಉಲಿ ಮುಗಿಲು ಮುಟ್ಟಿತು. ಹುಳದ ಕಾಳು ಹೀನಾಯವಾಗಿ ಸೋತಿತ್ತು. ಆಗ ಹಬೆಂಜು ಟೋಪಿ ಕೈಯಲ್ಲಿ ಹಿಡಿದು ಬಂದು ನಿಂತರು.

"ಅಮ್ಮ, ಆ ಆರು ಗೂಡಿಗೆ ನಾನು ಔಷಧಿ ಕುಡಿಸಿದ್ದೀನಿ. ಕಹಿಗೆ ನೀರೂ ಬಿಟ್ವು, ಮೇವೂ ಬಿಟ್ವು."

ಸಂಘದ ಹಿರಿಯಳಾದ ಬಿನಾ ಲುಯಾಂಡೊ, ಹಬೆಂಜು ಅವರ ತೋಳು ಹಿಡಿದೆಳೆದಳು. "ಗೆದ್ದಾಗಿದೆಯಲ್ಲ, ಬಾಯಿ ಮುಚ್ಕೊಂಡಿರಪ್ಪ."

"ಗೆದ್ದಿದ್ದು ಲೋಳೆಸರ ಇರಬಹುದು ಬಿನಾ ಲುಯಾಂಡೊ, ನಾವಲ್ಲ," ಎಂದರು ಡಾಕ್ಟರಮ್ಮ. ಆಮೇಲೆ ಪೆನ್ನು ತೆಗೆದು, "ಎಷ್ಟು ಮೆಣಸು ಹಾಕಿದ್ರಿ?" ಎಂದು ಕೇಳಿದರು.

"ಎಣಿಸ್ಲಿಲ್ಲಮ್ಮ."

"ಇಲ್ಲಿ ಹಿಕ್ಕೆನೂ ತೂಗಿ ಬರೀತೀವಿ. ನೀವು ಮೆಣಸು ಎಣಿಸ್ಲಿಲ್ವಾ?"

ಕೆಲಸ ಹೋಯಿತೆಂದು ಹಬೆಂಜು ತಲೆ ತಗ್ಗಿಸಿದರು. ಡಾಕ್ಟರಮ್ಮನವರೋ ವರದಿಯಲ್ಲಿ, ಪುಡಿಯ ವಿಚಾರ ಶೆಡ್ಡಿನವರಿಗೆ ತಿಳಿಸದಿದ್ದದ್ದು ತಮ್ಮ ತಪ್ಪು, ಆದಕಾರಣ ಈ ಪ್ರಯೋಗ ಲೆಕ್ಕಕ್ಕಿಲ್ಲ ಎಂದು ಬರೆದು ಸಹಿ ಹಾಕಿದರು. ಸಂಘದವರು ಗೊಣಗುತ್ತಲೇ ಹೊಸ ಮರಿ ತಂದುಕೊಟ್ಟರು. ಎರಡನೆಯ ಸಲವೂ ಹುಳದ ಕಾಳು ಸೋತಿತು, ಆದರೆ ಅಂತರ ಮೊದಲಿನದರ ಅರ್ಧ. ಇಷ್ಟಕ್ಕೆ ಗಿರಣಿಯವರು ಬಗ್ಗುತ್ತಾರೆಯೇ ಎಂದು ಎಲ್ಲರಿಗೂ ಅನುಮಾನ. ಯಜಮಾನರು ಎರಡು ವರದಿಗಳನ್ನೂ ಓದಿ, ಗೆದ್ದ ಆಟವನ್ನು ತಾನೇ ಕೈಬಿಟ್ಟ ಹೆಂಗಸು ನನ್ನನ್ನು ಸೋಲಿಸಲೆಂದು ಸುಳ್ಳು ಬರೆಯಲಾರಳು ಎಂದು ಹೇಳಿ, ಮರುವಾರವೇ ಗಿರಣಿಯ ಬಾಗಿಲಲ್ಲಿ ಹುಳದ ಕಾಳು ಬೇರ್ಪಡಿಸುವ ಜರಡಿ ಕಟ್ಟಿಸಿದರು.

"ಹಸಿರು ಕಂಡರೆ ಮೊದಲು ಕೇಳಿ" ಎಂಬ ಹಲಗೆ ಇಂದಿಗೂ ನಮ್ಮ ಶೆಡ್ಡಿನಲ್ಲಿದೆ, ಬರೆದವರು ಹಬೆಂಜು.

ನಿವೃತ್ತರಾಗಿ ತವರಿಗೆ ಹೊರಟಿರುವ ಡಾಕ್ಟರಮ್ಮ ಅಲ್ಲಿ ಇನ್ನೂರು ಕೋಳಿ ಸಾಕುವವರಿದ್ದಾರೆ. ಅವರ ಆಯುಸ್ಸು ಗಟ್ಟಿ ಕಾಳಿನಂತೆ ಭರ್ತಿಯಾಗಿರಲಿ, ಬೀಗರು ಮತ್ತೆ ಮಾತಾಡಿಸುವಂತಾಗಲಿ, ಕಚ್ಚಿ ನೋಡುವ ಹಲ್ಲುಗಳು ಕೊನೆತನಕ ಉಳಿಯಲಿ. ಬೀಳ್ಕೊಡುಗೆಯ ದಿನ ಹಬೆಂಜು ಟೋಪಿ ಕೈಯಲ್ಲಿ ಹಿಡಿದು ಬಂದಾಗ ಡಾಕ್ಟರಮ್ಮ ಹೇಳಿದ್ದಿಷ್ಟು:

"ವರ್ಷಕ್ಕೊಂದ್ಸಲ ಬಂದು ನನ್ನ ಕೋಳಿ ನೋಡ್ಕೊಂಡು ಹೋಗಿ. ಮೆಣಸು ತಂದ್ರೂ ತನ್ನಿ. ಎಣಿಸ್ಕೊಂಡು ತನ್ನಿ."