ಯಾರೂ ಕೇಳದ ಫ್ರಿಜ್ಜು

ಮರೇಟಾ ನನ್ನ ಚಿಕ್ಕಮ್ಮನ ಮಗಳು. ನಮ್ಮ ಪುಟ್ಟ ದ್ವೀಪ ಬೆಸಿಯೊದಲ್ಲಿ ಅವಳ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದು ದೀವಿಹಲಸಿನ ಮರ, ಒಂದು ಹಂದಿಗೂಡು, ಅಷ್ಟೇ. ಹಾಗಾಗಿ ಅವಳ ವಿಷಯದಲ್ಲಿ ನನಗೆ ತಿಳಿಯದ್ದು ಕಡಿಮೆ. ಅವಳು ಜಿಪುಣಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಜಿಪುಣಿಯಲ್ಲ, ಹಟಮಾರಿ. ಏನನ್ನೂ ಸಮುದ್ರಕ್ಕೆ ಎಸೆಯಬಾರದು ಎನ್ನುವ ಹಟ. ಹೊಲಿದು ಉಳಿದ ಚೂರು ಬಟ್ಟೆ ದಿಂಬಿನೊಳಗೆ ಹೋಗಬೇಕು, ಮೀನಿನ ಡಬ್ಬಿಯಲ್ಲಿ ಮೆಣಸಿನ ಸಸಿ ಬೆಳೆಯಬೇಕು, ಖಾಲಿ ಬಾಟಲಿಗಳು ಮೂಟೆಯಾಗಿ ಹಳೇ ಬಾಟಲಿ ಕೊಳ್ಳುವ ಅಂಗಡಿಗೆ ಸೇರಬೇಕು.

"ಇಷ್ಟು ದೊಡ್ಡ ಸಮುದ್ರಕ್ಕೆ ನಿನ್ನದೊಂದು ಡಬ್ಬಿ ಭಾರವೇನೇ?" ಎಂದು ನಾನು ಕೇಳಿದರೆ, "ಎಸೆದದ್ದೆಲ್ಲ ಉಬ್ಬರಕ್ಕೆ ನಿನ್ನ ಬಾಗಿಲಿಗೇ ಬರೋದು ಅಕ್ಕಾ, ನನಗೇನು?" ಎನ್ನುತ್ತಿದ್ದಳು. ಮಾತು ಸುಳ್ಳಲ್ಲ. ನಮ್ಮ ನೆಲದ ಅಗಲ ಎಷ್ಟು ಮಹಾ? ಈ ಕಡೆಯ ದಡದಲ್ಲಿ ನಿಂತು ಕೂಗಿದರೆ ಆ ಕಡೆಯ ದಡದಲ್ಲಿ ಬಲೆ ಬಿಡಿಸುವವನು ಓಗೊಡುತ್ತಾನೆ.

ಅವಳ ಗಂಡ ಇಯೊತೆಬಾ ಬಂದರಿನಲ್ಲಿ ಹೊರೆ ಇಳಿಸುತ್ತಿದ್ದ. ಒಂದು ದಿನ ಹೊರೆ ಅವನ ಕಾಲ ಮೇಲೆಯೇ ಇಳಿಯಿತು. ಅಂದಿನಿಂದ ಕುಂಟು, ದೋಣಿ ಹತ್ತಿ ಮೀನು ಹಿಡಿಯುವುದೂ ಆಗದು. ಮೂರು ಮಕ್ಕಳು. ಆ ಐದು ಹೊಟ್ಟೆ ತುಂಬುತ್ತಿದ್ದದ್ದು ಮರೇಟಾಳ ಹೊಲಿಗೆ ಮಿಷನ್ನಿನಿಂದ. ಕೈಯಲ್ಲಿ ತಿರುಗಿಸುವ ಹಳೇ ಮಿಷನ್ನು, ಕರೆಂಟು ಬೇಡ. ಹಬ್ಬಕ್ಕೆ ಚರ್ಚಿನ ಹೆಂಗಸರೆಲ್ಲ ಒಂದೇ ಬಣ್ಣದ ನೆರಿಗೆ ರವಿಕೆ ತೊಟ್ಟು ಹಾಡಲು ನಿಂತರೆ, ಆ ನೆರಿಗೆಗಳಲ್ಲಿ ಅರ್ಧ ಇವಳ ಕೈಯವು.

ಹೋದ ವರ್ಷದ ದೊಡ್ಡ ಉಬ್ಬರದಲ್ಲಿ ನೀರು ಅವರ ಮನೆಯೊಳಗೆ ನುಗ್ಗಿತು. ಈ ವರ್ಷ ಮತ್ತೆ ಬಂತು, ಬಾವಿಯನ್ನೂ ಉಪ್ಪು ಮಾಡಿ ಹೋಯಿತು. ಸಾಕಪ್ಪಾ ಸಾಕು ಎಂದು ಇಯೊತೆಬಾನ ಅಪ್ಪನ ನೆಲವಿರುವ ಅಬೈಯಾಂಗ್ ದ್ವೀಪಕ್ಕೆ ಹೊರಟರು. ಶನಿವಾರದ ದೋಣಿ. ಚಿಕ್ಕ ದೋಣಿ, ಜನರಿಗೆ ಜಾಗ, ಸಾಮಾನಿಗೆ ಅಷ್ಟಕ್ಕಷ್ಟೆ. ಅಲ್ಲಿ ಕಸದ ಲಾರಿಯೂ ಇಲ್ಲ. "ಅಲ್ಲಿಗೆ ಕಸ ಹೊತ್ಕೊಂಡು ಹೋಗಲ್ಲ, ಇಲ್ಲಿ ಬಿಟ್ಟೂ ಹೋಗಲ್ಲ" ಎಂದು ಮರೇಟಾ ಘೋಷಿಸಿದಳು.

ನಮ್ಮಲ್ಲಿ ಅದು ಕಷ್ಟವೇನಲ್ಲ, ನೆಂಟರಿದ್ದಾರಲ್ಲ. ನೆಂಟರು ಎದುರು ಕೂತು "ಇದು ನನಗೆ ಕೊಡು" ಎಂದು ಕೇಳಿದರೆ ಇಲ್ಲ ಎನ್ನುವಂತಿಲ್ಲ. ಇಲ್ಲ ಎಂದವರ ಹೆಸರು ಅವರ ದೋಣಿಗಿಂತ ಮೊದಲೇ ಮುಂದಿನ ದ್ವೀಪ ತಲುಪಿರುತ್ತದೆ. ಇವತ್ತು ನೀನು ನನ್ನ ಬಲೆ ಕೇಳಿದರೆ ನಾಳೆ ನಾನು ನಿನ್ನ ಹಂದಿಮರಿ ಕೇಳುತ್ತೇನೆ. ನಾವೆಲ್ಲ ಬದುಕಿ ಬಂದಿರುವುದೇ ಹೀಗೆ. ಮನೆ ಬಿಡುತ್ತಾರಂತೆ ಎಂದು ಸುದ್ದಿ ಹಬ್ಬಿದ್ದೇ ತಡ, ಬಂದರು ನೋಡಿ. ಒಬ್ಬಳು ಅನ್ನದ ಪಾತ್ರೆ ಕೇಳಿದಳು, ಒಬ್ಬಳು ಸೊಳ್ಳೆಪರದೆ. ಮೇಜು ಹೋಯಿತು, ಹಂದಿ ಹೋಯಿತು, ಹಂದಿಯ ತಟ್ಟೆಯೂ ಹೋಯಿತು. ನಾನು ನೀರಿನ ಡ್ರಮ್ಮು ಕೇಳಿದೆ, ಯಾಕೆ ಬಿಡಬೇಕು? ನಮ್ಮ ಸೋದರಮಾವ ತೋಮಾ ಬಂದು ಕೂತು, ಚಾವಣಿಯ ತಗಡಿನ ಮೇಲೆ ಕಣ್ಣು ಹಾಕಿದ.

"ಮಾವ, ನಾವಿನ್ನೂ ಅದರ ಕೆಳಗೇ ಮಲಗ್ತಿದ್ದೀವಿ" ಎಂದಳು ಮರೇಟಾ.

"ಮಲಗ್ರಮ್ಮಾ, ನಾನೇನು ಈಗಲೇ ಕಿತ್ಕೊಂಡು ಹೋಗ್ತೀನಿ ಅಂದ್ನಾ? ಹೇಳಿಟ್ಟೆ ಅಷ್ಟೆ. ಬೇರೆಯವರು ಮುಂಚೆ ಕೇಳಿಬಿಡಬಾರದು ನೋಡು."

ಇಯೊತೆಬಾ ಎಲ್ಲವನ್ನೂ ನಗುನಗುತ್ತಾ ಕೊಟ್ಟ, ದೋಣಿ ಹಗುರವಾಯಿತು ಎಂದ. ಮರೇಟಾಳೂ ಕೊಟ್ಟಳು. ಆದರೆ ಅವಳಿಗೆ ಒಳಗೊಳಗೇ ಒಂದೇ ಭಯ. ಯಾರಾದರೂ ಮಿಷನ್ನು ಕೇಳಿಬಿಟ್ಟರೆ? ಅದು ಹೋದರೆ ಹೊಸ ಊರಿನಲ್ಲಿ ಮಕ್ಕಳ ಅನ್ನವೇ ಹೋದಂತೆ. ಮೂರು ಜನ ಆಗಲೇ "ಮಿಷನ್ ಎಲ್ಲಮ್ಮಾ ಕಾಣ್ತಿಲ್ಲ?" ಎಂದು ವಿಚಾರಿಸಿದ್ದರು. "ರಿಪೇರಿಗೆ ಕೊಟ್ಟಿದ್ದೀನಿ" ಎಂದು ಮೂವರಿಗೂ ಸುಳ್ಳು ಹೇಳಿದ್ದಳು. ನನ್ನೊಬ್ಬಳಿಗೆ ಮಾತ್ರ ನಿಜ ಹೇಳಿದಳು. ಮಿಷನ್ನು ಇದ್ದದ್ದು ಅಂಗಳದ ಫ್ರಿಜ್ಜಿನೊಳಗೆ.

ಆ ಫ್ರಿಜ್ಜು ಸತ್ತು ಎಷ್ಟೋ ಕಾಲವಾಗಿತ್ತು. ಮೈಯೆಲ್ಲ ತುಕ್ಕು, ಬಾಗಿಲಿಗೆ ಹಗ್ಗ. ಮನೆಯಲ್ಲಿ ಯಾರೂ ಕೇಳದೆ ಉಳಿದದ್ದು ಅದೊಂದೇ. "ತಡೆಗೋಡೆಯಾಚೆ ಸಮುದ್ರಕ್ಕೆ ಉರುಳಿಸಿಬಿಡೋಣ, ಎಲ್ಲರೂ ಮಾಡೋದು ಅದನ್ನೇ" ಎಂದ ಇಯೊತೆಬಾ. "ಎಲ್ಲರೂ ಮಾಡಿದ್ದಕ್ಕೇ ಆ ನೀರಲ್ಲಿ ಮಕ್ಕಳು ಕಾಲಿಡೋ ಹಾಗಿಲ್ಲ" ಎಂದು ಇವಳು ಸಿಡುಕಿದಳು. ಕೊನೆಗೆ ಶನಿವಾರ ಬೆಳಿಗ್ಗೆ ಬಂದರಿನ ಗುಜರಿಗೆ ತಳ್ಳಿಕೊಂಡು ಹೋಗಲು ಕೈಗಾಡಿಯವನೊಬ್ಬ ಒಪ್ಪಿದ. ಅಲ್ಲಿಯವರೆಗೆ ಅದರಷ್ಟು ಭದ್ರವಾದ ಜಾಗ ಬೇರೆ ಯಾವುದು? ಕಸವನ್ನು ಯಾರು ಕೇಳುತ್ತಾರೆ? ಜಾಣೆ ಎಂದು ನಾನೂ ಹೊಗಳಿದೆ. ಇಯೊತೆಬಾನಿಗೆ ಹೇಳಲಿಲ್ಲ, ಅವನ ಬಾಯಲ್ಲಿ ಮಾತು ನಿಲ್ಲುವುದಿಲ್ಲ.

ಶುಕ್ರವಾರ ಮಧ್ಯಾಹ್ನ ರಾಕೆರಾ ಬಂದಳು. ಇಯೊತೆಬಾನ ಅಕ್ಕ, ಬಿಕೆನಿಬ್ಯೂ ಊರಿನಲ್ಲಿ ಬ್ರೆಡ್ ಸುಟ್ಟು ಮಾರುವವಳು. ಅವಳು ಬಂದರೆ ನಾಯಿಯೂ ಮೂಳೆ ಬಚ್ಚಿಡುತ್ತದೆ ಎಂದು ನಾವು ಆಡಿಕೊಳ್ಳುತ್ತೇವೆ. ಯಾರದೋ ಪಿಕಪ್ ಗಾಡಿ ತಂದಿದ್ದಳು, ಜೊತೆಗೆ ಗಟ್ಟಿಮುಟ್ಟಾದ ಇಬ್ಬರು ಗಂಡುಮಕ್ಕಳು. ಜಗಲಿಯ ಮೇಲೆ ಕೂತು ಸುತ್ತ ನೋಡಿದಳು. ಮನೆ ಅಂದರೆ ಉಳಿದದ್ದು ಕಂಬ, ತಗಡು, ನಾವು.

"ಬಳಿದು ಬಾಚ್ಕೊಂಡು ಹೋಗಿದ್ದಾರಲ್ಲ ಎಲ್ಲಾರೂ."

"ತಡ ಮಾಡಿದ್ರಿ ಅತ್ತಿಗೆ. ಏನೂ ಉಳಿದಿಲ್ಲ" ಎಂದಳು ಮರೇಟಾ. ಅವಳ ದನಿಯಲ್ಲಿದ್ದ ನೆಮ್ಮದಿ ನನಗೆ ಗೊತ್ತಾಯಿತು.

"ಇದೆಯಲ್ಲ." ರಾಕೆರಾ ಗದ್ದ ಎತ್ತಿ ಅಂಗಳದ ಕಡೆ ತೋರಿಸಿದಳು. "ಆ ಫ್ರಿಜ್ಜು. ಅದನ್ನ ನನಗೆ ಕೊಡು."

"ತಗೊಂಡು ಹೋಗಕ್ಕಾ, ನಿನಗೆ ಪುಣ್ಯ ಬರುತ್ತೆ!" ಇಯೊತೆಬಾ ತೊಡೆ ತಟ್ಟಿದ. ಮರೇಟಾ ದಡಕ್ಕನೆ ಎದ್ದು ನಿಂತಳು.

"ಅದು ಕೆಟ್ಟಿದೆ ಅತ್ತಿಗೆ. ಮೋಟಾರು ಸತ್ತುಹೋಗಿದೆ."

"ಮೋಟಾರು ಯಾರಿಗೆ ಬೇಕು? ಹಿಟ್ಟಿಗೆ ಇಲಿಕಾಟ. ಬಾಗಿಲು ಮುಚ್ಚಿದ್ರೆ ಸಾಕು ನನಗೆ."

"ಪೂರ್ತಿ ತುಕ್ಕು ಹಿಡಿದಿದೆ."

"ತಗೊಳ್ಳೋಳು ನಾನು. ತುಕ್ಕಿನ ಚಿಂತೆ ನಿನಗ್ಯಾಕೆ?"

ಹುಡುಗರು ಆಗಲೇ ಫ್ರಿಜ್ಜಿನ ಎರಡು ಬದಿಗೆ ನಿಂತಿದ್ದರು. ತಗಡು ಬಿಚ್ಚಲು ಏಣಿ ತಂದ ತೋಮಾ ಮಾವನೂ ನಿಂತಿದ್ದ, ಬೇಲಿಯಾಚೆಯ ನಾಲ್ಕು ಹೆಂಗಸರೂ ಇದ್ದರು. ಸುಮ್ಮನಿದ್ದರೆ ಮಿಷನ್ನು ಹೋಗುತ್ತದೆ, ಬಾಯಿ ಬಿಟ್ಟರೆ ಮಾನ ಹೋಗುತ್ತದೆ. ಕೇಳಿದ್ದನ್ನು ಕೊಟ್ಟು ಬಡವರಾದವರು ನಮ್ಮಲ್ಲಿ ಎಷ್ಟೋ ಜನ, ಅವರಿಗೆ ಮರ್ಯಾದೆ ಉಂಟು. ಕೇಳುತ್ತಾರೆಂದು ಬಚ್ಚಿಟ್ಟವರಿಗೆ ಇಲ್ಲ.

"ನಿಲ್ಲಿಸ್ರಪ್ಪಾ" ಎಂದಳು ಮರೇಟಾ. ತಾನೇ ಹೋಗಿ ಹಗ್ಗ ಬಿಚ್ಚಿದಳು. ಹಳೇ ಹೊದಿಕೆಯಲ್ಲಿ ಸುತ್ತಿದ್ದ ಮಿಷನ್ನನ್ನು ಎರಡು ಕೈಯಲ್ಲಿ ಎತ್ತಿ ತಂದು, ರಾಕೆರಾಳ ಮುಂದೆ ಜಗಲಿಯ ಮೇಲಿಟ್ಟು, ಹೊದಿಕೆ ತೆಗೆದಳು.

"ಓಹೋ" ಎಂದ ತೋಮಾ ಮಾವ.

"ರಿಪೇರಿಗೆ ಹೋಗಿದೆ ಅಂದಿದ್ಯಂತೆ" ಎಂದಳು ರಾಕೆರಾ. "ರಿಪೇರಿಯವನು ಫ್ರಿಜ್ಜೊಳಗೇ ಅಂಗಡಿ ಇಟ್ಟಿದ್ದಾನಾ?"

ಯಾರೂ ನಗಲಿಲ್ಲ. ಇಯೊತೆಬಾ ಹೆಂಡತಿಯ ಮುಖ ನೋಡಿ ತಲೆ ತಗ್ಗಿಸಿದ. ರಾಕೆರಾ ಕೈ ಚಾಚಿ ಮಿಷನ್ನಿನ ಹಿಡಿಯನ್ನು ಒಂದು ಸುತ್ತು ತಿರುಗಿಸಿದಳು. ಈಗ ಕೇಳುತ್ತಾಳೆ ಎಂದುಕೊಂಡೆ. ಕೇಳಿದ್ದರೆ ಮರೇಟಾ ಕೊಟ್ಟೇಬಿಡುತ್ತಿದ್ದಳು, ಇಲ್ಲ ಎನ್ನುವ ಮುಖ ಅವಳಿಗೆ ಉಳಿದಿರಲಿಲ್ಲ.

"ಇಲ್ಲಿ ಕೇಳೇ" ಎಂದಳು ರಾಕೆರಾ, ದನಿ ಒಡೆದಿತ್ತು. "ನನ್ನ ತಮ್ಮನ ಕಾಲು ಹೋದ ಮೇಲೆ ಅವನಿಗೆ ಊಟ ಹಾಕ್ತಿರೋದು ಈ ಮಿಷನ್ನು ಅಂತ ನನಗೆ ಗೊತ್ತಿಲ್ವಾ? ಊರೆಲ್ಲಾ ನನ್ನ ಆಸೆಬುರುಕಿ ಅಂತಾರೆ, ಅನ್ನಲಿ. ಕೇಳ್ತೀನಪ್ಪಾ, ಕೇಳೋಳೇ ನಾನು. ಆದ್ರೆ ನನ್ನ ತಮ್ಮನ ಮಕ್ಕಳ ಬಾಯಿಂದ ಕಿತ್ಕೋತೀನಿ ಅಂದ್ಕೊಂಡ್ಯಲ್ಲ ನೀನು, ಅದು ನೋವಾಯ್ತು ಕಣೆ."

"ತಪ್ಪಾಯ್ತು ಅತ್ತಿಗೆ." ಮರೇಟಾ ಅಳುತ್ತಿದ್ದಳು. ನನ್ನ ಕಣ್ಣೂ ತುಂಬಿತ್ತು, ಅದಕ್ಕೆ ಒಲೆಯ ಹೊಗೆ ಎಂದು ಹೇಳಿಕೊಂಡೆ.

"ಅಳಬೇಡ. ನಾನು ಕೇಳಿದ್ದು ಫ್ರಿಜ್ಜು. ಅದನ್ನ ಒರೆಸಿಕೊಡು."

ಮರೇಟಾ ಒರೆಸಿದಳು. ಆದರೆ ಕೂಡಲೇ ಕೊಡಲಿಲ್ಲ. ಹುಡುಗರಿಗೆ ಹೇಳಿ ಅದನ್ನು ಅಂಗಳದ ನಡುವೆ ಅಂಗಾತ ಮಲಗಿಸಿ, ಮಿಷನ್ನನ್ನು ಅದರ ಮೇಲೆ ತಂದಿಟ್ಟಳು, ಮೇಜು ಯಾರದೋ ಪಾಲಾಗಿತ್ತಲ್ಲ. ತನ್ನ ಹಬ್ಬದ ರವಿಕೆಗೆಂದು ಇಟ್ಟುಕೊಂಡಿದ್ದ ನೀಲಿ ಬಟ್ಟೆಯನ್ನು ಗಂಟಿನಿಂದ ಎಳೆದಳು. "ಕೈ ಎತ್ತಿ ಅತ್ತಿಗೆ" ಎಂದು ಅಳತೆ ತೆಗೆದಳು. ರಾಕೆರಾ ಬೇಡ ಎನ್ನಲಿಲ್ಲ, "ಸೊಂಟ ಬಿಗಿ ಮಾಡಬೇಡ, ನಾನು ಬ್ರೆಡ್ ಮಾರೋಳು" ಎಂದಳಷ್ಟೆ.

ಸಂಜೆಯವರೆಗೂ ಹೊಲಿದಳು. ಕಿರ್ ಕಿರ್ ಎನ್ನುವ ಆ ಸದ್ದು ಓಣಿಯ ಉದ್ದಕ್ಕೂ ಕೇಳುತ್ತಿತ್ತು. ಬೀಳ್ಕೊಡಲು ಜನ ಬರುತ್ತಲೇ ಇದ್ದರು, ರಿಪೇರಿಯ ಕಥೆ ಕೇಳಿ ಹೋಗಿದ್ದ ಆ ಮೂವರೂ ಬಂದರು. ಬಂದವರೆಲ್ಲ ಮಿಷನ್ನನ್ನು ನೋಡಿದರು, ಕೂತು ಅನ್ನ ಮೀನು ಉಂಡರು. ಒಮ್ಮೆ ತೋಮಾ ಮಾವ ಗಂಟಲು ಸರಿ ಮಾಡಿಕೊಂಡು ಅವಳ ಎದುರಿಗೇ ಬಂದು ಕೂತ. ನಾನು ಕೆಕ್ಕರಿಸಿ ನೋಡಿದೆ. ಅವನು ಕೇಳಿದ್ದು ಕುಡಿಯಲು ನೀರು.

ಕೊನೆಯ ನೂಲನ್ನು ಹಲ್ಲಿನಲ್ಲಿ ಕಡಿದು, ರವಿಕೆ ಅತ್ತಿಗೆಯ ಮಡಿಲಿಗೆ ಹಾಕಿ, ಮರೇಟಾ ಮಾವನಿಗೆ ನೀರು ತರಲು ನಮ್ಮ ಮನೆಗೆ ಹೊರಟಳು. ಮಿಷನ್ನಿನ ಮೇಲೆ ಹೊದಿಕೆ ಎಳೆಯಲಿಲ್ಲ. ಅಂಗಳದ ತುಂಬ ನೆಂಟರು ಕೂತಿದ್ದರು. ಅವಳು ಒಮ್ಮೆಯೂ ತಿರುಗಿ ನೋಡದೆ ಹೋದಳು.