ಕೊಲುವಿನ ರೈಲು ಕೂಗಲಿಲ್ಲ

ನೂಲಿನ ಗಿರಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ನನಗೆ ಮನೆಯಲ್ಲಿ ವೈರು ಕಂಡರೇ ಆಗುತ್ತಿರಲಿಲ್ಲ. ಇಡೀ ಪಾಳಿ ಮೋಟಾರುಗಳ ನಡುವೆ ಬಗ್ಗಿ, ಹತ್ತಿಯ ಧೂಳು ಕುಡಿದು, ನಮ್ಮೂರು ಮದುಕ್ಕರೈವರೆಗೆ ಬಸ್ಸಿನಲ್ಲಿ ನಿಂತೇ ಬಂದು ಚಪ್ಪಲಿ ಬಿಡುವಷ್ಟರಲ್ಲಿ, ನನ್ನನ್ನು 'ಕಣ್ಣು' ಎಂದೇ ಮುದ್ದಾಗಿ ಕರೆಯುವ ಅಮ್ಮನದು ಒಂದೇ ಮಾತು: "ವಿಸಿಲು ರೆಡಿ ಮಾಡು ಕಣ್ಣು."

ಎಂಬತ್ತರ ದಶಕದ ಒಂದು ನವರಾತ್ರಿ ಅದು. ನಮ್ಮ ಮನೆಯ ಕೊಲುವಿನಲ್ಲಿ, ಗೊಂಬೆ ಕೂರಿಸುವ ಮೆಟ್ಟಿಲುಗಳ ಕೆಳಗೆ, ಒಂದು ಆಟಿಕೆ ರೈಲು ಓಡುತ್ತಿತ್ತು. ಅಪ್ಪ ತಂದದ್ದು. ಸ್ಟೇಷನ್ನನ್ನು ಹಲಗೆಯಲ್ಲಿ ತಾವೇ ಮಾಡಿ, ಅದರ ಹಿಂದೆ ಬೆಂಕಿಪೊಟ್ಟಣದಷ್ಟು ವಿಸಿಲ್ ಡಬ್ಬಿ ಕೂರಿಸಿದ್ದರು. ಅವರು ಬದುಕಿದ್ದಾಗ, ಕೆಲಸ ಮುಗಿಸಿ ಮನೆಗೆ ಬರುತ್ತಿದ್ದ ಪ್ಯಾಸೆಂಜರ್ ರೈಲು ದೂರದಲ್ಲಿ ಕೂಗಿದರೆ ಅಮ್ಮ ಸಾರು ಬಿಸಿಗಿಡುತ್ತಿದ್ದಳು. ಅವರು ಹೋದ ಮೇಲೆ ಈ ರೈಲಿನ ವಿಸಿಲಿನ ಗುಂಡಿ ಒತ್ತುವ ಹಕ್ಕು ಅಮ್ಮನದು.

ಆ ವರ್ಷ ಒತ್ತಿದರೆ ಸದ್ದೇ ಇಲ್ಲ. "ನನ್ ಕಿವಿ ಪೂರಾ ಹೋಯ್ತೋ ಏನೋ," ಅಂದಳು. ಮೊದಲೇ ಮಂದವಾಗಿದ್ದ ಕಿವಿ. "ವಿಸಿಲೇ ಕೆಟ್ಟೋಗದೆ ಅಮ್ಮ, ನಮ್ಗೂ ಕೇಳ್ತಿಲ್ಲ," ಎಂದು ಕೂಗಿ ಹೇಳಿದೆ. ಅದು ಕೂಗಿ ತಾನು ಕೇಳಿಸಿಕೊಳ್ಳುವವರೆಗೆ ಅವಳು ನಂಬುವವಳಲ್ಲ.

ಒಂದು ಸಂಜೆ ವೈರು ಬದಲಾಯಿಸಿದೆ. ಮರುದಿನ ಗುಂಡಿ ಬಿಚ್ಚಿ ಉಜ್ಜಿದೆ. ಮೂರನೆಯ ದಿನ, ಸಾವಿರ ಮೋಟಾರು ನೋಡಿದವನಿಗೆ ಒಂದು ಆಟಿಕೆ ಬಗ್ಗುತ್ತಿಲ್ಲವಲ್ಲ ಎಂದು ಸಿಟ್ಟು ನೆತ್ತಿಗೇರಿತು. ಡಬ್ಬಿಯನ್ನು ಕಿತ್ತು ತೊಡೆಯ ಮೇಲಿಟ್ಟುಕೊಂಡು, ಕರೆಂಟು ಅಲ್ಲಿವರೆಗೆ ಬರುತ್ತಿದೆಯೇ ಎಂದು ನೋಡಲು ಅದರ ಜಾಗಕ್ಕೆ ಪುಟ್ಟ ಬಲ್ಬು ಸಿಕ್ಕಿಸಿದೆ.

"ಅಮ್ಮ, ಒತ್ತು."

ಒತ್ತಿದಳು. ಬಲ್ಬು ಹೊತ್ತಿತು.

"ಕೂಗ್ತು! ಚೆನ್ನಾಗಿ ಕೇಳ್ತು ಕಣ್ಣು," ಎಂದು ಅಮ್ಮ ನಕ್ಕಳು. "ಸಾಕು ಬುಡು, ಎದ್ದು ಕೈ ತೊಳ್ಕೊಂಡು ಸಾಪಾಡು ಮುಗ್ಸು."

ವಿಸಿಲ್ ಡಬ್ಬಿ ನನ್ನ ತೊಡೆಯ ಮೇಲೇ ಇತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ನನ್ನ ಮುಖ ನೋಡಿದಳು. ಅಮ್ಮ ಬಲ್ಬಿನ ಬೆಳಕು ನೋಡಿ ಹಾಗಂದಳೋ, ನನ್ನ ಸುಸ್ತು ನೋಡಿ ಅಂದಳೋ, ಇವತ್ತಿಗೂ ಗೊತ್ತಿಲ್ಲ. ಮೂರು ದಿನ ಅವಳ ಮೇಲೆ ಗೊಣಗಿದ್ದಕ್ಕೆ ನನಗೆ ನಾಚಿಕೆಯಾಯಿತು.

ಬಲ್ಬು ಹೊತ್ತಿದ ಮೇಲೆ ತಪ್ಪು ಡಬ್ಬಿಯದೇ. ತಿರುಗಿಸಿ ನೋಡಿದೆ. ಕರೆಂಟು ತಗಲುವ ಹಿತ್ತಾಳೆಯ ಎರಡು ಬಿಲ್ಲೆಗಳ ಮೇಲೂ ಗಂಧ, ಕುಂಕುಮ ಒಣಗಿ ಕಲ್ಲಾಗಿತ್ತು. ಹಿಂದಿನ ವರ್ಷ ಆಯುಧಪೂಜೆಯ ದಿನ ಕತ್ತರಿ, ಹೊಲಿಗೆ ಮಿಷನ್ನು, ನನ್ನ ಟೆಸ್ಟರು ಎಲ್ಲಕ್ಕೂ ಬೊಟ್ಟಿಡುತ್ತ ಅಮ್ಮ ಈ ಡಬ್ಬಿಯನ್ನೂ ಕಳಚಿ ಇದಕ್ಕೂ ಇಟ್ಟಿದ್ದಳು. ಹೊಳೆಯುವ ಬಿಲ್ಲೆಗಳೇ ಅವಳಿಗೆ ಹಣೆಯ ಹಾಗೆ ಕಂಡಿರಬೇಕು. ಪ್ರತಿ ವರ್ಷ ಪೂಜೆಯ ಮರುದಿನ ಗಿರಣಿಯ ಸ್ವಿಚ್ಚುಗಳ ಗಂಧ ಒರೆಸುವ ನನಗೆ ಇದು ಮೊದಲ ಸಂಜೆಯೇ ಹೊಳೆಯಬೇಕಿತ್ತು.

ಬ್ಲೇಡಿನಿಂದ ಕೆರೆದು ಡಬ್ಬಿಯನ್ನು ಅದರ ಜಾಗಕ್ಕೆ ಸೇರಿಸಿದೆ. ಬಲ್ಬನ್ನು ತೆಗೆಯಲು ಮನಸ್ಸಾಗಲಿಲ್ಲ; ಎರಡೂ ಒಟ್ಟಿಗೆ ನಡೆಯುವ ಹಾಗೆ ವೈರು ಜೋಡಿಸಿ, ಅದನ್ನು ಸ್ಟೇಷನ್ನಿನ ಮಾಡಿನ ಮೇಲೆ ನಿಲ್ಲಿಸಿದೆ.

"ಇನ್ನೊಂದ್ಸಲ ಒತ್ತಮ್ಮ."

ಹೆಂಡತಿ ಬೆಚ್ಚುವಷ್ಟು ಜೋರಾಗಿ ವಿಸಿಲು ಕೂಗಿತು. ಅಮ್ಮ ಬಲ್ಬನ್ನೇ ನೋಡುತ್ತಿದ್ದಳು.

"ನೋಡು," ಅಂದಳು, "ಆಗ್ಲೇ ಕೂಗಿದಂಗೇ ಕೂಗ್ತು."