ಒಲೆ ಹಚ್ಚದ ಶುಕ್ರವಾರ

ತೊಂಬತ್ತರ ದಶಕದ ಕೊನೆಗೆ ಯಲ್ಲಾಪುರದಲ್ಲಿ ನಮ್ಮ ಚರ್ಚಿನ ಜನ ಎರಡು ಪಾಲಾದರು. ಹಳೆಯ ಫಾದರ್ ಮೆತ್ತಗೆ ಮಾತಾಡುವವರು. ಹೊಸದಾಗಿ ಪ್ರಾರ್ಥನಾ ಮಂದಿರ ತೆರೆದ ಬ್ರದರ್ ಗುಡುಗುತ್ತಿದ್ದರು. ನಾನು ಗುಡುಗಿನ ಹಿಂದೆ ಹೋದೆ. ಶುಕ್ರವಾರ ಉಪವಾಸ, ಮನೆಯಲ್ಲಿ ಒಲೆಯನ್ನೇ ಹಚ್ಚಬೇಡಿ ಎಂದರು ಅವರು. ನಾನು ಹಚ್ಚಲಿಲ್ಲ. ಹಗಲೆಲ್ಲ ಹೊಲಿಗೆ ಮಷಿನ್ ತುಳಿದು, ಸಂಜೆ ಮಂದಿರದಲ್ಲಿ ಮೊಣಕಾಲೂರಿ, ಸೋತು ಮನೆಗೆ ಬರುತ್ತಿದ್ದೆ.

ಹಾಸಿಗೆ ಹಿಡಿದಿದ್ದ ಅಮ್ಮ ಒಂದು ಶುಕ್ರವಾರ ಕೇಳಿದಳು: "ಎಂತದೇ ಇದು, ನಂಗೆ ಗಂಜೀನೂ ಇಲ್ವಾ? ಹೀಗೆ ಮಾಡು ಅಂತ ದೇವ್ರು ಹೇಳಿದ್ನಾ, ಅವ್ರು ಹೇಳಿದ್ರಾ?"

"ಎರಡೂ ಒಂದೇ ಅಮ್ಮಾ," ಎಂದು ರೇಗಿದೆ.

ಅಮ್ಮ ಗೋಡೆಯ ಕಡೆ ಹೊರಳಿ ಮಲಗಿದಳು.

ಆ ಮಂದಿರ ಬಿಟ್ಟು ವರ್ಷಗಳಾದವು. ಈಗ ಶುಕ್ರವಾರ ಎದ್ದ ಕೂಡಲೇ ಗಂಜಿಗಿಡುತ್ತೇನೆ. ಉಣ್ಣಲು ಅಮ್ಮ ಇಲ್ಲ.